ಪೇಟ ತೊಟ್ಟು ಸೀಟಿ ಊದಿದ ಮೇಡಂ

ಮೈಸೂರಿನಲ್ಲಿ ಸನ್ಮಾನ ಅಂದರೆ ಅದಕ್ಕೊಂದು ಕ್ರಮವಿದೆ. ತಲೆಗೆ ಪೇಟ, ಹೆಗಲಿಗೆ ಶಾಲು, ಕೊರಳಿಗೆ ಏಲಕ್ಕಿ ಹಾರ, ಮಡಿಲಿಗೆ ಹಣ್ಣಿನ ಬುಟ್ಟಿ. ಸನ್ಮಾನಿತರು ಕೈಮುಗಿದು ಕೂತು, ತಮ್ಮ ಬಗ್ಗೆ ಓದುವ ಹೊಗಳಿಕೆಯನ್ನೆಲ್ಲ ಬೇರೆ ಯಾರದೋ ಎಂಬಂತೆ ಕೇಳಿಸಿಕೊಳ್ಳಬೇಕು. ನಮ್ಮ ಮೇಡಂ ಇಷ್ಟನ್ನೂ ಚೆನ್ನಾಗಿಯೇ ಮಾಡಿದರು. ಆಮೇಲೆ ಕಾರ್ಯಕ್ರಮ ಇನ್ನೂ ನಡೆಯುತ್ತಿರುವಾಗಲೇ, ಪೇಟ ತಲೆಯ ಮೇಲಿದ್ದ ಹಾಗೇ, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಸೀಟಿ ತೆಗೆದು ಹಾಲ್ ಅದುರುವಂತೆ ಊದಿಬಿಟ್ಟರು.

ಅವತ್ತು ಅಲ್ಲಿದ್ದವರು ಈಗಲೂ ಎಲ್ಲಾದರೂ ಸಿಕ್ಕರೆ ಅದನ್ನೇ ಎತ್ತುತ್ತಾರೆ. "ಪಾಪ, ವಯಸ್ಸಾಯ್ತಲ್ವಾ," ಅನ್ನುತ್ತಾರೆ ಕೆಲವರು. "ಪಿ.ಟಿ. ಟೀಚರ್ ಆಗಿದ್ದೋರು, ಕೈ ಸುಮ್ನಿರಲ್ಲ," ಅನ್ನುತ್ತಾರೆ ಇನ್ನು ಕೆಲವರು. ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ವಯಸ್ಸೂ ಅಲ್ಲ, ಅಭ್ಯಾಸವೂ ಅಲ್ಲ ಕಣ್ರೀ. ಅವರು ಊದಿದ್ದು ಒಂದು ಫೌಲಿಗೆ. ಯಾರ ಫೌಲು, ಏನು ಫೌಲು ಅನ್ನುವುದು ಅವರನ್ನು ಬಿಟ್ಟರೆ ಆ ಹಾಲಿನಲ್ಲಿ ನಾಲ್ಕು ಜನಕ್ಕೆ ಮಾತ್ರ ಗೊತ್ತಿತ್ತು. ಆ ನಾಲ್ವರಲ್ಲಿ ನಾನೂ ಒಬ್ಬ. ಮೇಡಂ ಈಗ ಮೈಸೂರು ಬಿಟ್ಟು ಧಾರವಾಡದ ತಂಗಿಯ ಮನೆ ಸೇರಿದ್ದಾರೆ. ಇಲ್ಲಿದ್ದಿದ್ದರೂ ತಾವಾಗಿ ಹೇಳಿಕೊಳ್ಳುವವರಲ್ಲ. ಹಾಗಾಗಿ ನಾನೇ ಹೇಳಿಬಿಡುತ್ತೇನೆ.

ದಟ್ಟಗಳ್ಳಿಯಲ್ಲಿ ನಾವು ಅವರ ಬಾಡಿಗೆದಾರರಾಗಿದ್ದೆವು. ಕೆಳಗೆ ನಾನು ಮತ್ತು ನನ್ನ ಹೆಂಡತಿ ಪದ್ಮ, ಮೇಲೆ ಮೇಡಂ ಒಬ್ಬರೇ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿ ನಿವೃತ್ತರಾದವರು. ಖೋ ಖೋ ಅಂದರೆ ಪ್ರಾಣ. ಆಡಿದರು, ಆಡಿಸಿದರು, ಕಾಲು ಸೋತ ಮೇಲೆ ರೆಫರಿಯಾದರು. ಅಗ್ರಹಾರದ ಹಳೇ ಮನೆತನ, ಅಜ್ಜ ಅರಮನೆಯ ಕೆಲಸದಲ್ಲಿದ್ದವರಂತೆ. ಆದರೆ ಮೇಡಂ ಅವರನ್ನು ನೋಡಿದರೆ ಅರಮನೆಯಲ್ಲ, ಆಟದ ಮೈದಾನ ನೆನಪಾಗುತ್ತಿತ್ತು. ಸೀರೆಯ ಕೆಳಗೆ ಕ್ಯಾನ್ವಾಸ್ ಶೂ. ಕುರ್ಚಿಯಲ್ಲಿ ಒಂದು ಕಾಲು ಮಡಿಸಿ, ಇನ್ನೊಂದನ್ನು ನೆಲಕ್ಕೆ ಊರಿ, ಯಾವ ಕ್ಷಣದಲ್ಲಾದರೂ ಎದ್ದು ಓಡುವವರ ಹಾಗೆ ಕೂರುತ್ತಿದ್ದರು. ತರಕಾರಿ ಗಾಡಿಯವನನ್ನು ನಿಲ್ಲಿಸಬೇಕಾದರೆ ಕೂಗುತ್ತಿರಲಿಲ್ಲ, ಬಾಲ್ಕನಿಯಿಂದ ಸೀಟಿ ಊದುತ್ತಿದ್ದರು. ಅವನೂ ಗಕ್ಕನೆ ನಿಲ್ಲುತ್ತಿದ್ದ.

ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು. ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಷನ್ ನನ್ನ ಕೆಲಸ. ತಯಾರಾದ ಭಾಗ ಅಳತೆಯ ಗೇಜಿಗೆ ಕೂತರೆ ಪಾಸು, ಕೂರದಿದ್ದರೆ ವಾಪಸ್ಸು. "ಇರ್ಲಿ ಬುಡಣ್ಣ, ಒಂಚೂರು ತಾನೇ" ಅನ್ನುವವರ ಜೊತೆ ಜಗಳವಾಡಿಯೇ ಸಂಬಳ ತೆಗೆದುಕೊಳ್ಳುವವನು ನಾನು. ಮನೆಯಲ್ಲೂ ಅದೇ ಬುದ್ಧಿ ಅಂತ ಪದ್ಮ ಹೇಳುತ್ತಾಳೆ. ಹೇಳಲಿ.

ಭಾನುವಾರ ಊಟವಾದ ಮೇಲೆ ನಮ್ಮ ಮನೆಯಲ್ಲಿ ನಾಲ್ಕು ಜನ ಸೇರಿ ಒಂದು ಆಟ ಆಡುತ್ತಿದ್ದೆವು. ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಒಬ್ಬೊಬ್ಬರೂ ಕಥೆಯ ಒಂದೊಂದು ಪಾತ್ರವಾಗಬೇಕು, ಒಬ್ಬ ಯೋಧ, ಒಬ್ಬಳು ಕಳ್ಳಿ, ಹೀಗೆ. ಗೇಮ್ ಮಾಸ್ಟರ್ ಅನ್ನುವವರು ಕಥೆ ನಡೆಸುತ್ತಾರೆ. ಎದುರಿಗೆ ಏನಿದೆ, ಯಾರು ಬಂದರು ಅಂತ ಹೇಳಿ, "ಈಗ ನೀನೇನು ಮಾಡ್ತೀಯ?" ಅನ್ನುತ್ತಾರೆ. ನಾವು ಹೇಳುತ್ತೇವೆ. ಅದು ಆಗುತ್ತದೋ ಇಲ್ಲವೋ ಅನ್ನುವ ಅನುಮಾನ ಬಂದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಹೆಚ್ಚು ಬಿದ್ದರೆ ಆಯಿತು, ಕಡಿಮೆ ಬಿದ್ದರೆ ಇಲ್ಲ. ಇದಕ್ಕೆಲ್ಲ ಇಟ್ಟಿಗೆ ದಪ್ಪದ ಒಂದು ರೂಲ್ ಪುಸ್ತಕವಿದೆ. ಆ ಪುಸ್ತಕ ನನ್ನದು. ಅದನ್ನು ಓದಿದಷ್ಟು ಐಟಿಐ ಪಾಠ ಓದಿದ್ದರೆ ನನ್ನ ಫೋಟೋ ಪೇಪರಿನಲ್ಲಿ ಬರುತ್ತಿತ್ತು.

ಆಗ ಗೇಮ್ ಮಾಸ್ಟರ್ ಆಗಿದ್ದವನು ಶಫಿ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು, ಮಾತಿನಲ್ಲಿ ಮನೆ ಕಟ್ಟುವವನು. ನಾಲ್ಕನೆಯವನು ನಾಗೇಂದ್ರ. ಐಟಿಐನಲ್ಲಿ ನನ್ನ ಪಕ್ಕದ ಬೆಂಚು. ಮನೆ ಕೆಸರೆಯಲ್ಲಿ, ಕೆಲಸ ಕನ್ನಡಕದ ಅಂಗಡಿಯಲ್ಲಿ ಗಾಜು ತೀಡುವುದು. ಅವನಿಗೆ ಮಾತು ತಡೆಯುತ್ತದೆ, ಉಗ್ಗು. ಫೋನು ಮಾಡುವುದಿಲ್ಲ, ಮೆಸೇಜು ಮಾತ್ರ. ಬಸ್ಸಿನಲ್ಲಿ ಕಂಡಕ್ಟರ್ ಎದುರು ಊರ ಹೆಸರು ಹೊರಡದೆ ಹೋದೀತೆಂದು, ಬಾಯಿಗೆ ಸುಲಭವಾದ ಸ್ಟಾಪಿನ ಹೆಸರು ಹೇಳಿ ಟಿಕೆಟ್ ತೆಗೆದುಕೊಂಡು ಉಳಿದ ದಾರಿ ನಡೆಯುತ್ತಿದ್ದವನು. ನಮ್ಮ ಆಟದಲ್ಲಿ ಅವನು ಯೋಧ. ಕತ್ತಿ ಬೀಸುವವನು ಮಾತಾಡಬೇಕಿಲ್ಲವಲ್ಲ.

ಒಂದು ಭಾನುವಾರ ನಾನೂ ಶಫಿಯೂ ಜೋರಾಗಿ ಕಚ್ಚಾಡುತ್ತಿದ್ದೆವು. ಹಗ್ಗ ಹಿಡಿದುಕೊಂಡು ಕೋಟೆ ಗೋಡೆಯಿಂದ ಜಾರಿಬಿದ್ದವನಿಗೆ ಪೂರ್ತಿ ಪೆಟ್ಟೋ, ಅರ್ಧ ಪೆಟ್ಟೋ? ನಾನು ಪುಟದ ಮೇಲೆ ಪುಟ ತಿರುವುತ್ತಿದ್ದೆ. ಬಾಗಿಲಲ್ಲಿ ಮೇಡಂ ಬಂದು ನಿಂತಿದ್ದು ಯಾರಿಗೂ ಗೊತ್ತಾಗಲಿಲ್ಲ.

"ಏನ್ರಪ್ಪಾ ಇದು? ಗಲಾಟೆ ಕೇಳಿ ಆಸ್ತಿ ಭಾಗ ಆಗ್ತಿದೆ ಅಂದ್ಕೊಂಡೆ."

"ಆಟ ಆಡ್ತಿದೀವಿ ಮೇಡಂ," ಅಂದಳು ಪದ್ಮ.

"ಆಟಾನಾ? ಊಟ ಆದಾಗ್ಲಿಂದ ಕೇಳಿಸ್ಕೋತಿದೀನಿ. ಆಟ ಶುರುವಾಗೋದು ಯಾವಾಗ?"

ವಿಷಯ ಹೇಳಿದೆವು. ಅವರು ನಿಂತಲ್ಲೇ ಕೇಳಿ, "ಹಗ್ಗ ಹಿಡ್ಕೊಂಡಿದ್ದ ತಾನೇ? ಅಂಗೈ ಸುಲ್ಕೊಂಡಿರುತ್ತೆ, ಕಾಲು ಮುರಿದಿರಲ್ಲ. ಕೈಯಲ್ಲಿ ಕತ್ತಿ ಹಿಡಿಯೋಕಾಗಲ್ಲ, ಓಡೋಕಾಗುತ್ತೆ. ಹೂಂ, ಮುಂದಕ್ಕೆ ಹೋಗಿ," ಅಂದರು. ಶಫಿ ಎದ್ದು ತನ್ನ ಕುರ್ಚಿಯನ್ನು ಅವರ ಕಡೆ ಸರಿಸಿದ. "ಮೇಡಂ, ದಯವಿಟ್ಟು ನೀವೇ ಕೂತ್ಕೊಳ್ಳಿ. ಕ್ಲಚ್ಚು ಯಾವ್ದು ಬ್ರೇಕ್ ಯಾವ್ದು ಗೊತ್ತಿಲ್ದೋರ್ನ ಬೇಕಾದ್ರೆ ಸಂಭಾಳಿಸ್ತೀನಿ. ಇವನ್ನ ಮಾತ್ರ ನನ್ ಕೈಲಾಗಲ್ಲ."

ಮೇಡಂ ಪುಸ್ತಕ ಎತ್ತಿಕೊಂಡು ಮೇಲೆ ಹೋದರು. ಮುಂದಿನ ಭಾನುವಾರ ಅಜ್ಜಿಯ ಕಾಲದ ಹಿತ್ತಾಳೆ ಬಟ್ಟಲಿನ ತುಂಬ ಹುಣಸೆಬೀಜ ತಂದು ಮೇಜಿನ ಮೇಲಿಟ್ಟರು. ಪುಸ್ತಕದ ಕಲ್ಲಿನ ಕೋಟೆ, ಹಿಮದ ಬೆಟ್ಟ ಎಲ್ಲ ಮಾಯ. ಬದಲಿಗೆ ಒಂದು ಕೆರೆ, ಏರಿಯ ಕೆಳಗೆ ಒಂದು ಊರು, ಊರ ಬಾಗಿಲಲ್ಲಿ ಸುಂಕದ ಕಟ್ಟೆ. ಇಪ್ಪತ್ತು ಮುಖದ ದಾಳವನ್ನು ಅವರು ಒಂದು ದಿನವೂ ದಾಳ ಅನ್ನಲಿಲ್ಲ, ಬೆಟ್ಟದ ನೆಲ್ಲಿಕಾಯಿಯಂತೆ ಇದೆ ಅಂತ ನೆಲ್ಲಿಕಾಯಿ ಅಂದರು. ಕೊನೆಯವರೆಗೂ ನಮಗೆ ಅದು ನೆಲ್ಲಿಕಾಯಿಯೇ ಆಯಿತು.

"ನಮ್ಮಜ್ಜಿ ಮನೇಲಿ ಬೇಸಿಗೆ ರಜೆಗೆ ಎಲ್ಲಾ ಮೊಮ್ಮಕ್ಕಳೂ ಸೇರ್ತಿದ್ವಿ, ಚೌಕಾಬಾರ ಆಡೋಕೆ," ಅಂತ ಅವರು ಶುರುಮಾಡಿದರು. "ಒಬ್ಬೊಬ್ಬರ ಮನೇದೂ ಒಂದೊಂದು ರೂಲು. 'ನಮ್ಮನೇಲಿ ಹೀಗಲ್ಲ, ನಮ್ಮನೇಲಿ ಹೀಗಲ್ಲ' ಅಂತ ಕಿತ್ತಾಟ. ನಮ್ಮಜ್ಜಿ ಒಂದೇ ಮಾತು ಹೇಳೋರು. ಜಗಲಿ ನಂದು, ಹೇಳಿದ ಹಾಗೆ ಆಡಿ. ಆದ್ರೆ ಬಿದ್ದ ಕವಡೆಗೆ ಮಾತ್ರ ನಾನೂ ಕೈ ಹಚ್ಚಲ್ಲ ಅಂತ. ಇಲ್ಲೂ ಅಷ್ಟೇ ಕಣ್ರೋ. ಕಥೆ ನಂದು, ತೀರ್ಪು ನಂದು. ಬಿದ್ದ ನೆಲ್ಲಿಕಾಯಿ ಮಾತ್ರ ಬಿದ್ದದ್ದೇ. ಅದನ್ನ ನಾನೂ ಬದಲಾಯಿಸಲ್ಲ."

"ಪುಸ್ತಕ ಮೇಡಂ?" ಅಂದೆ ನಾನು.

"ನಿನ್ ಪುಸ್ತಕಾನ ಯಾರೂ ಕಿತ್ಕೊಳ್ಳಲ್ಲ, ಹೆದರಬೇಡ. ಆಟಕ್ಕೆ ಕೂತಾಗ ಒಬ್ಬೊಬ್ಬರಿಗೂ ಒಂದೊಂದು ಹುಣಸೆಬೀಜ. ನನ್ ತೀರ್ಪು ಒಪ್ಪಿಗೆ ಆಗ್ಲಿಲ್ವಾ, ಬೀಜ ಮೇಜಿನ ಮೇಲಿಡು, ಪುಸ್ತಕ ತೆಗಿ. ಅದರಲ್ಲಿ ಏನಿದೆಯೋ ಅದೇ ಆಗ್ಲಿ. ಬೀಜ ಖರ್ಚಾಯ್ತಾ, ಬಾಯಿ ಮುಚ್ಕೊಂಡು ಆಡು."

ಮೊದಮೊದಲು ನನ್ನ ಬೀಜ ಕಾಫಿ ಬರುವ ಮೊದಲೇ ಖರ್ಚಾಗಿರುತ್ತಿತ್ತು. ಆಮೇಲೆ ಪದ್ಮನ ಹತ್ತಿರ ಬೇಡುತ್ತಿದ್ದೆ. ಕಟ್ಟಿಕೊಂಡ ಗಂಡನಿಗೆ ಒಂದು ಹುಣಸೆಬೀಜ ಕೊಡದ ಹೆಂಗಸು ಅವಳು.

ಅವಳ ಕಡೆಯೇ ಮೇಡಂಗೂ ಒಲವು ಅಂತ ನನಗೆ ಗುಮಾನಿ. ಒಮ್ಮೆ ಅವಳ ಪಾತ್ರವಾದ ಕಳ್ಳಿ, ತುಂಬಿ ಹರಿಯುವ ಹೊಳೆಯನ್ನು ದಾಟಬೇಕಿತ್ತು. ಹಗ್ಗದ ಮಂಚ ತಲೆಕೆಳಗು ಮಾಡಿ, ಬಾಯಿ ಕಟ್ಟಿದ ಖಾಲಿ ಕೊಡಗಳನ್ನು ಅದಕ್ಕೆ ಬಿಗಿದು ತೇಲಿಕೊಂಡು ಹೋಗುತ್ತೇನೆ ಅಂದಳು. ಕಪಿಲಾ ನದಿಯ ದಡದ ಊರಿನವಳು, ಅವಳಿಗೆ ಅದೆಲ್ಲ ಗೊತ್ತು. ನಾನು ಬಿಡುತ್ತೇನೆಯೇ? "ಮೇಡಂ, ಪುಸ್ತಕದಲ್ಲಿ ದೋಣಿಗೆ ರೂಲಿದೆ, ಈಜಿಗೆ ರೂಲಿದೆ, ಮಂಚಕ್ಕಿಲ್ಲ," ಅಂದೆ.

"ಪುಸ್ತಕ ಬರೆದೋರು ನಿನ್ ಹೆಂಡ್ತೀನ ನೋಡಿಲ್ಲ, ಅದಕ್ಕಿಲ್ಲ," ಅಂದರು ಮೇಡಂ. ಆದರೆ ಹಾಗೇ ಬಿಟ್ಟುಕೊಡಲಿಲ್ಲ. ನಮ್ಮ ಸ್ಟೂಲು, ಅಡುಗೆಮನೆಯ ಕೊಡ, ಬಟ್ಟೆ ಒಣಗಿಸುವ ಹಗ್ಗ ತರಿಸಿ, "ಎಲ್ಲಿ, ಕಟ್ಟಿ ತೋರಿಸು," ಅಂದರು. ಪದ್ಮ ಕಟ್ಟಿದಳು. ಮೇಡಂ ಗೋಡೆಗೆ ಕಾಲು ಕೊಟ್ಟು ಎಳೆದರು. ಗಂಟು ಮಿಸುಕಲಿಲ್ಲ. "ಪಾಸು. ನೆಲ್ಲಿಕಾಯಿ ಬೇಡ, ದಾಟು."

ಒಲವು ಅಂದೆನಲ್ಲ, ಅದು ನನ್ನ ಹೊಟ್ಟೆಯುರಿ. ಇನ್ನೊಂದು ಸಲ ಅವರು ವಾರಗಟ್ಟಲೆ ಕೂತು ಒಬ್ಬ ದುಷ್ಟ ಪಾಳೇಗಾರನನ್ನು ಕಟ್ಟಿ ತಂದಿದ್ದರು. ಗಡ್ಡ, ಗತ್ತು, ಒಂದು ಕುಂಟು ಕುದುರೆ, ಎಲ್ಲ ಇತ್ತು. ಅವನು ಬಂದು ಕೂತು ಒಂದು ಮಾತಾಡಿದ್ದಾನೆ ಅಷ್ಟೇ, ನಾನು ಹಿಂದಿನಿಂದ ಒಂದು ಏಟು ಹಾಕಿ, ಬೀಜ ಇಟ್ಟು ಪುಸ್ತಕ ತೆಗೆದೆ. ಎಚ್ಚರಿಕೆಯಿಲ್ಲದೆ ಕೂತವನಿಗೆ ಹಿಂದಿನಿಂದ ಬಿದ್ದ ಮೊದಲ ಏಟು ದುಪ್ಪಟ್ಟು ಅಂತ ಸ್ಪಷ್ಟವಾಗಿ ಬರೆದಿತ್ತು. ಮೇಡಂ ಕನ್ನಡಕ ಏರಿಸಿ ಎರಡೆರಡು ಸಲ ಓದಿದರು. ಒಂದು ಮಾತು ಹೇಳಿ ಅವನನ್ನು ಉಳಿಸಿಕೊಳ್ಳಬಹುದಿತ್ತು, ನಾವು ಯಾರೂ ಯಾಕೆ ಅಂತ ಕೇಳುತ್ತಿರಲಿಲ್ಲ. "ಇದೆ ಕಣೋ. ಸತ್ತ," ಅಂದರು. ಆಮೇಲೆ, "ಅವನಿಗೊಬ್ಬಳು ಮಗಳಿದ್ಲು, ಅವಳ ಕಥೇನೂ ಯೋಚನೆ ಮಾಡಿಟ್ಟಿದ್ದೆ, ಹಾಳಾದವನೇ," ಅಂತ ಬೈದುಕೊಂಡು ಎದ್ದು ಎಲ್ಲರಿಗೂ ಕಾಫಿ ಮಾಡಿಕೊಂಡು ಬಂದರು.

ಆ ಕಾಫಿ ಕುಡಿಯುತ್ತಲೇ ಅವರ ಹಳೇ ಪಂದ್ಯವೊಂದರ ಕಥೆ ಹೇಳಿದ್ದು. ರೆಫರಿ ಬಂದಿರಲಿಲ್ಲವಂತೆ. ಎರಡೂ ಸ್ಕೂಲಿನವರು ಒಪ್ಪಿ ಇವರನ್ನೇ ನಿಲ್ಲಿಸಿದ್ದರಂತೆ. ಕೊನೆಯ ಗಳಿಗೆಯಲ್ಲಿ ಇವರ ಹುಡುಗಿಯೇ ಮುಂದೆ ಕೂತವಳ ಬೆನ್ನು ಮುಟ್ಟಿದಳು, 'ಖೋ' ಅಂದದ್ದು ಮಾತ್ರ ಕೇಳಿಸಲಿಲ್ಲ. ಖೋ ಅಂದದ್ದು ಕೇಳಿಸದೆ ಕೂತವಳು ಏಳುವಂತಿಲ್ಲ. ಮೇಡಂ ಸೀಟಿ ಊದಿದರು, ಸ್ವಂತ ಸ್ಕೂಲು ಸೋತಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಒಂದು ಹುಡುಗಿಯೂ ಮಾತಾಡಿಸಲಿಲ್ಲವಂತೆ. "ಆ ಗಲಾಟೇಲಿ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಮಿಸ್," ಅಂತ ಕ್ಯಾಪ್ಟನ್ ಅತ್ತಳಂತೆ.

"ನೀವೇನಂದ್ರಿ ಮೇಡಂ?" ಅಂತ ನಾನು ಕೇಳಿದೆ.

"ನಂಗೆ ಗೊತ್ತಾಯ್ತಲ್ಲಮ್ಮ ಅಂದೆ. ಗೆಲ್ಲೋರಿಗೆ ರೂಲ್ ಬೇಕಾಗಲ್ಲ ಕಣೋ. ಎದುರಿಗೆ ನಿಂತಿರ್ತಾರಲ್ಲ, ಅವರಿಗೆ ಬೇಕು."

ಹೀಗೆಲ್ಲ ಹೇಳುವವರೂ ತಪ್ಪು ತೀರ್ಪು ಕೊಟ್ಟರು, ಅದನ್ನೂ ಹೇಳುತ್ತೇನೆ. ಯಾರನ್ನಾದರೂ ಮಾತಿನಲ್ಲಿ ಒಪ್ಪಿಸಬೇಕಾದರೆ ಪುಸ್ತಕದ ಪ್ರಕಾರ ನೆಲ್ಲಿಕಾಯಿ ಉರುಳಿಸಬೇಕು. ಮೇಡಂಗೆ ಅದು ಸಪ್ಪೆ ಅನ್ನಿಸಿತು. "ಬಾಯಿದೆ, ಮಾತಾಡಿ. ಮಾತು ಮನಸ್ಸಿಗೆ ಬಂದ್ರೆ ನೆಲ್ಲಿಕಾಯಿ ಬೇಡ," ಅಂದರು. ಶಫಿಗೆ ಹಬ್ಬ. ಈಗ ಅವನೂ ಆಟಗಾರನಲ್ಲವೇ, ಕಾವಲುಗಾರರಿಗೆ, ಸುಂಕದವರಿಗೆ, ಮಂತ್ರಿಗೆ ಎಲ್ಲರಿಗೂ ಮಾತಿನ ಮಳೆ ಸುರಿಸಿ ನೆಲ್ಲಿಕಾಯಿ ಮುಟ್ಟದೆ ಗೆಲ್ಲುತ್ತಾ ಹೋದ. ನಾಗೇಂದ್ರ ಸೋಫಾದ ಮೂಲೆಗೆ ಸರಿಯುತ್ತಾ ಹೋದ.

ನನಗೆ ತಡೆಯಲಾಗಲಿಲ್ಲ. ಬೀಜ ಇಟ್ಟು, "ಇದು ಅನ್ಯಾಯ ಮೇಡಂ," ಅಂದೆ. "ಕತ್ತಿ ಬೀಸೋಕೆ ನಂಗೆ ತೋಳ್ಬಲ ಬೇಕಾಗಿಲ್ಲ, ನೆಲ್ಲಿಕಾಯಿ ಸಾಕು. ಮಾತಾಡೋಕೆ ಮಾತ್ರ ನಿಜವಾದ ನಾಲಿಗೆ ಯಾಕೆ ಬೇಕು? ಈ ಶಫಿಗೆ ದೇವ್ರು ಉದ್ದ ನಾಲಿಗೆ ಕೊಟ್ಬುಟ್ಟವ್ನೆ ಅಂತ ಅವನೇ ಗೆಲ್ತಾನೇ ಇರ್ಬೇಕಾ?"

ಶಫಿಯ ಮೇಲಿನ ಸಿಟ್ಟಿಗೆ ಅಂದದ್ದು ಅದು. ಆದರೆ ಮೇಡಂ ನನ್ನನ್ನು ನೋಡುತ್ತಿರಲಿಲ್ಲ. ಅವರ ಕಣ್ಣು ಮೂಲೆಯಲ್ಲಿದ್ದ ನಾಗೇಂದ್ರನ ಮೇಲಿತ್ತು. ಸೀಟಿಯನ್ನು ಕೈಯಲ್ಲಿ ತಿರುಗಿಸುತ್ತಾ, "ತಪ್ಪು ಊದಿದೆ," ಅಂದರು. "ಇವತ್ತಿಂದ ಮಾತಿಗೂ ನೆಲ್ಲಿಕಾಯಿ. ಮಾತಾಡ್ಬೇಕು ಅನ್ನಿಸಿದೋರು ಮಾತಾಡಿ, ಅದು ಸಂತೋಷಕ್ಕೆ. ಫಲ ಮಾತ್ರ ನೆಲ್ಲಿಕಾಯಿ ಹೇಳಿದ್ದು." ಕಾಫಿ ಲೋಟ ಎತ್ತಿಕೊಂಡು ಹೋಗುವಾಗ ನನ್ನ ಹತ್ತಿರ ಬಗ್ಗಿ, "ನೀನು ಹೇಳಿದ್ದು ಸರಿ ಕಣೋ. ಆದ್ರೆ ಅದು ಯಾಕೆ ಸರಿ ಅಂತ ನಿಂಗೇ ಗೊತ್ತಿಲ್ಲ," ಅಂದರು. ಅರ್ಥವಾಗದೆ ನಾನು ಗೆದ್ದ ಖುಷಿಯಲ್ಲಿ ಚಕ್ಕುಲಿ ಮುರಿದೆ.

ಅರ್ಥವಾಗಿದ್ದು ಸ್ವಲ್ಪ ದಿನದ ಮೇಲೆ. ಸೆರೆಸಿಕ್ಕ ಶತ್ರುವೊಬ್ಬ ನಾಗೇಂದ್ರನ ಯೋಧನ ಮುಂದೆ ಕಟ್ಟಿಹಾಕಿಸಿಕೊಂಡು ಕೂತಿದ್ದ. "ಏನು ಮಾಡ್ತೀಯ ನಾಗೇಂದ್ರ?" ಅಂತ ಮೇಡಂ ಕೇಳಿದರು. "ನಾನು... ಅವನ್ನ... ಅವನ್ನ..." ಅಂತ ನಾಗೇಂದ್ರ ನಿಂತ. ಶಫಿ ಪ್ರೀತಿಯಿಂದಲೇ, "ಹೊಡೀತೀನಿ ಅಂತಾವ್ನೆ ಮೇಡಂ," ಅಂದ. ನಾಗೇಂದ್ರ ಹೂಂ ಅಂತ ತಲೆಯಾಡಿಸಿದ. ನಾವೆಲ್ಲ ಮೊದಲಿಂದ ಮಾಡುತ್ತಿದ್ದದ್ದೇ ಅದು. ಅವನ ಮಾತು ತಡೆದರೆ ಪಾಪ ಒದ್ದಾಡಬಾರದು ಅಂತ ಯಾರಾದರೊಬ್ಬರು ಮುಗಿಸಿಕೊಡುತ್ತಿದ್ದೆವು. ಅವನು ತಲೆಯಾಡಿಸುತ್ತಿದ್ದ, ಆಟ ಮುಂದುವರಿಯುತ್ತಿತ್ತು.

ಸೀಟಿ ಕಿವಿಗೆ ಬಡಿಯಿತು. ಪದ್ಮನ ಕೈಯಿಂದ ಲೋಟ ಜಾರಿತು.

"ಫೌಲ್! ಅವನ ಸರದಿ ಇನ್ನೂ ಮುಗಿದಿಲ್ಲ. ನಾಗೇಂದ್ರ, ಹೇಳು. ನಂಗೇನೂ ಅರ್ಜೆಂಟಿಲ್ಲ."

ಫ್ಯಾನು ತಿರುಗುತ್ತಿತ್ತು. ನಾವು ನಮ್ಮ ನಮ್ಮ ಕಾಲ ಬೆರಳು ನೋಡಿಕೊಂಡು ಕೂತೆವು. "ಹೊಡಿಯಲ್ಲ," ಅಂದ ನಾಗೇಂದ್ರ ಕೊನೆಗೆ. "ಅವನ ಹತ್ರ... ಮಾ... ಮಾತಾಡ್ಬೇಕು. ಯಾವಾಗ್ಲೂ... ಹೊ... ಹೊಡ್ದಿದ್ದೇ ಆಯ್ತು."

ಅಯ್ಯೋ ದೇವರೇ ಅನ್ನಿಸಿತು. ಅಷ್ಟು ಭಾನುವಾರಗಳಿಂದ ಅವನ ಯೋಧ ಕಂಡಕಂಡವರನ್ನೆಲ್ಲ ಕೊಚ್ಚಿದ್ದು ನಾವು ಮುಗಿಸಿಕೊಟ್ಟ ಮಾತಿನಿಂದ. ಅವತ್ತಿನಿಂದ ಮೇಡಂ ಒಂದೇ ಒಂದು ಹೊಸ ರೂಲು ಸೇರಿಸಿದರು. ಇನ್ನೊಬ್ಬರ ಮಾತು ಮುಗಿಸಿದರೆ ಫೌಲು, ಮುಗಿಸಿದವರ ಹುಣಸೆಬೀಜ ಜಪ್ತಿ. ಶಫಿ ತಿಂಗಳುಗಟ್ಟಲೆ ಬೀಜವಿಲ್ಲದೆ ಆಡಿದ.

ಈಗ ಆ ಭಾನುವಾರಕ್ಕೆ ಬರುತ್ತೇನೆ. ಕೆರೆಯೂರನ್ನು ನಾವು ಅಷ್ಟು ಹೊತ್ತಿಗೆ ನಮ್ಮ ಸ್ವಂತ ಊರು ಮಾಡಿಕೊಂಡಿದ್ದೆವು. ಪದ್ಮ ಅಲ್ಲಿ ಒಂದು ಸಂತೆ ಕಟ್ಟಿಸಿದ್ದಳು, ನಾನು ತೂಕದ ಕಲ್ಲುಗಳನ್ನು ಸರಿಮಾಡಿಸಿದ್ದೆ. ಒಬ್ಬ ದಳವಾಯಿ ಸೈನ್ಯ ತಂದು ಕೆರೆ ಏರಿಯ ಮೇಲೆ ಬೀಡು ಬಿಟ್ಟ. ಏರಿ ಒಡೆದರೆ ಊರೆಲ್ಲ ನೀರುಪಾಲು. ಅವನ ಆಳುಗಳು ಹಾರೆ, ಗುದ್ದಲಿ ಹಿಡಿದು ನಿಂತಿದ್ದರು. ಕಾದಾಡಿ ಗೆಲ್ಲುವಷ್ಟು ಜನ ನಮ್ಮ ಕಡೆ ಇರಲಿಲ್ಲ. ಆಗ ನಾಗೇಂದ್ರ ತನ್ನ ಯೋಧನ ಕತ್ತಿಯನ್ನು ಕೆಳಗಿಡಿಸಿ, ಒಬ್ಬನೇ ಏರಿ ಹತ್ತುತ್ತೇನೆ, ದಳವಾಯಿಯನ್ನು ಒಪ್ಪಿಸುತ್ತೇನೆ ಅಂದ. ನೆಲ್ಲಿಕಾಯಿ ಉರುಳಿಸಿದ.

ಒಂದು. ಅದಕ್ಕಿಂತ ಕಡಿಮೆ ಆ ನೆಲ್ಲಿಕಾಯಿಯ ಮೇಲೆ ಬರೆದೇ ಇಲ್ಲ.

"ಥೂ," ಅಂದಳು ಪದ್ಮ. ಶಫಿ ತಲೆ ಮೇಲೆ ಕೈ ಹೊತ್ತ. ನಾಗೇಂದ್ರ ಮಾತ್ರ ಮುಂದೆ ಸರಿದು ಕೂತು, ಮೇಜಿನ ಅಂಚು ಹಿಡಿದುಕೊಂಡು, "ನಾ... ನಾನು ಮಾತಾಡ್ತೀನಿ ಮೇಡಂ," ಅಂದ.

ಇಷ್ಟು ವರ್ಷದಲ್ಲಿ ಅವನು ತಾನಾಗಿ ಮಾತಾಡುತ್ತೇನೆ ಅಂದದ್ದನ್ನು ನಾನು ಕೇಳಿರಲಿಲ್ಲ. ಐಟಿಐನಲ್ಲಿ ಹಾಜರಿ ಕೂಗಿದರೂ ಕೈ ಮಾತ್ರ ಎತ್ತುತ್ತಿದ್ದವನು. ನನ್ನ ಅಂಗೈಯಲ್ಲಿ ಹುಣಸೆಬೀಜ ಇತ್ತು. ಎಲ್ಲರೂ ನನ್ನ ಕಡೆಯೇ ನೋಡಿದರು. ಸೋತ ದಾಳಕ್ಕೆ ಎರಡನೇ ಅವಕಾಶವಿಲ್ಲ ಅನ್ನುವ ಪುಟ ಯಾವುದು ಅಂತ ನನಗೆ ಬಾಯಿಪಾಠ. ಬೀಜ ಇಟ್ಟರೆ ಮುಗಿಯಿತು. ನಾನು ಅದನ್ನು ಷರಟಿನ ಜೇಬಿಗೆ ಹಾಕಿಕೊಂಡೆ.

ಉಳಿದದ್ದು ಮೇಡಂ. ಬಿದ್ದದ್ದು ಬಿದ್ದದ್ದೇ ಅನ್ನುವುದು ಪುಸ್ತಕದ ರೂಲಲ್ಲ, ಅವರ ಅಜ್ಜಿಯ ಜಗಲಿಯದು. ಅದನ್ನು ಅವರು ಒಮ್ಮೆಯೂ ಮುರಿದಿರಲಿಲ್ಲ. ಮುರಿದರೆ ಅವತ್ತು ಬಸ್ಸಿನಲ್ಲಿ ಅತ್ತ ಹುಡುಗಿಗೆ ಏನು ಹೇಳಬೇಕು? ಮುರಿಯದಿದ್ದರೆ ಇವನಿಗೆ ಏನು ಹೇಳಬೇಕು? ಅವರ ಮಡಿಸಿದ ಕಾಲು ನೆಲಕ್ಕಿಳಿಯಿತು.

"ಬಿದ್ದದ್ದು ಬಿದ್ದದ್ದೇ," ಅಂದರು. "ದಳವಾಯಿ ಒಪ್ಪಲಿಲ್ಲ. ಒಪ್ಪೋದೂ ಇಲ್ಲ."

ನಾಗೇಂದ್ರನ ಕೈ ಮೇಜಿನ ಅಂಚು ಬಿಟ್ಟಿತು.

"ಆದ್ರೆ ನಾಗೇಂದ್ರ, ಆ ನೆಲ್ಲಿಕಾಯಿ ಬಿದ್ದಿದ್ದು ದಳವಾಯಿ ಒಬ್ಬನಿಗೆ. ಅವನ ಹಿಂದೆ ಹಾರೆ, ಗುದ್ದಲಿ ಹಿಡ್ಕೊಂಡು ನಿಂತಿದಾರಲ್ಲ, ಅವರಿಗೂ ಕಿವಿ ಇದೆ. ಅವರಿಗೆ ಯಾರೂ ಇನ್ನೂ ಏನೂ ಉರುಳಿಸಿಲ್ಲ. ಪದ್ಮನ ಗಂಟಿನ ಹಾಗೆ ಮಾತಲ್ಲಿ ಅನುಮಾನವೇ ಉಳೀದಿದ್ರೆ ನೆಲ್ಲಿಕಾಯಿ ಬೇಡ. ನೆಲ್ಲಿಕಾಯಿ ಹಾಕ್ತೀಯೋ, ಮಾತಾಡ್ತೀಯೋ, ನಿನ್ನಿಷ್ಟ."

"ಮಾತಾಡ್ತೀನಿ."

ಅವನು ಮಾತಾಡಿದ. ಎಷ್ಟು ಹೊತ್ತು ಅಂತ ನಾನು ಗಡಿಯಾರ ನೋಡಲಿಲ್ಲ. ಕಾಫಿ ಆರಿ ಕೆನೆಗಟ್ಟಿತು. ನಡುವೆ ಈರುಳ್ಳಿ ಗಾಡಿಯ ಸ್ಪೀಕರು ರಸ್ತೆಯಲ್ಲಿ ಅರಚಿಕೊಂಡು ಬಂತು. ಮೇಡಂ ಕೈ ಎತ್ತಿ ನಾಗೇಂದ್ರನನ್ನು ನಿಲ್ಲಿಸಿ, ಬಾಗಿಲಿಗೆ ಹೋಗಿ ಒಂದು ಸೀಟಿ ಊದಿ ಗಾಡಿಯವನ ಬಾಯಿ ಮುಚ್ಚಿಸಿ ಬಂದು ಕೂತು, "ಹೂಂ," ಅಂದರು. ಅವನು ಹೇಳಿದ್ದು ಇಷ್ಟೇ. ನೀವು ಇಲ್ಲಿ ಬೀಡು ಬಿಟ್ಟಾಗಿನಿಂದ ಕುಡಿಯುತ್ತಿರುವುದು ಇದೇ ಕೆರೆಯ ನೀರು. ನಿಮ್ಮ ಕುದುರೆ ಕುಡಿದದ್ದೂ ಇದೇ. ಇವತ್ತು ಒಡೆಯುತ್ತೀರಿ, ಊರು ಮುಳುಗುತ್ತದೆ, ದಳವಾಯಿಗೆ ಬಿರುದು ಬರುತ್ತದೆ. ನಾಳೆ ಬೆಳಿಗ್ಗೆ ನೀವು ಏನು ಕುಡಿಯುತ್ತೀರಿ? 'ನಾಳೆ' ಅನ್ನುವ ಮಾತಿನಲ್ಲಿ ಅವನು ಸಿಕ್ಕಿಕೊಂಡು ಒದ್ದಾಡಿದ. ಆ ಮಾತು ನಮ್ಮೆಲ್ಲರ ನಾಲಿಗೆ ತುದಿಯಲ್ಲಿ ಕುಣಿಯುತ್ತಿತ್ತು. ಶಫಿ ಎರಡೂ ಕೈಯಿಂದ ತನ್ನ ಬಾಯಿ ಅದುಮಿಕೊಂಡಿದ್ದ. ನಾಗೇಂದ್ರನೇ ಅದನ್ನು ಹೊರಗೆ ತಂದ.

ಮೇಡಂ ಮೆಲ್ಲಗೆ ಕಥೆ ಹಿಡಿದರು. "ಹಿಂದಿನ ಸಾಲಲ್ಲಿ ಒಬ್ಬ ಮುದುಕ. ಅವನು ಗುದ್ದಲಿ ಕೆಳಗಿಟ್ಟ. ಅವನ ಪಕ್ಕದವನು ಅವನನ್ನ ನೋಡಿದ, ಅವನೂ ಇಟ್ಟ. ಇನ್ನೊಬ್ಬ. ಇನ್ನೊಬ್ಬ. ದಳವಾಯಿ ಕಿರುಚ್ತಾನೇ ಇದಾನೆ, ಅವನು ಒಪ್ಪಿಲ್ಲ, ನೆಲ್ಲಿಕಾಯಿ ಹೇಳಿದೆಯಲ್ಲ. ಆದ್ರೆ ಏರಿ ಮೇಲೆ ಈಗ ಅವನೊಬ್ಬನೇ."

ನಾವು ಹಾಕಿದ ಕೂಗಿಗೆ ಎದುರು ಮನೆಯವರು, "ಯಾರ್ ಔಟಾದ್ರು?" ಅಂತ ಕೇಳಿಕೊಂಡು ಬಂದರು. ಶಫಿ ನಾಗೇಂದ್ರನನ್ನು ಎತ್ತಿಕೊಂಡು ಕುಣಿದ. ಪದ್ಮ ಅಳುತ್ತಾ ನಗುತ್ತಾ ಉಳಿದ ಚಕ್ಕುಲಿಯನ್ನೆಲ್ಲ ಅವನ ಮುಂದೆ ಸುರಿದಳು. ನಾನು ಪುಸ್ತಕ ಎತ್ತಿ ಮೇಜಿಗೆ ಬಡಿದೆ. ರೂಲೂ ಮುರಿಯಲಿಲ್ಲ, ಊರೂ ಮುಳುಗಲಿಲ್ಲ! ಜೀವಮಾನವೆಲ್ಲ ಗೇಜು ಹಿಡಿದವನು ನಾನು, ಅಷ್ಟು ಸರಿಯಾಗಿ ಕೂತ ತೀರ್ಪನ್ನು ಇನ್ನೊಂದು ನೋಡಿಲ್ಲ. ನಾಗೇಂದ್ರ ಅವತ್ತು ಸಂಜೆ ಬಸ್ಸಿನಲ್ಲಿ ಕೆಸರೆ ಅಂತಲೇ ಹೇಳಿ ಟಿಕೆಟ್ ತೆಗೆದುಕೊಂಡನಂತೆ. ಕಂಡಕ್ಟರ್ ಕಾದನಂತೆ.

ಸನ್ಮಾನ ನಡೆದದ್ದು ಅದಾಗಿ ಕೆಲವು ತಿಂಗಳಿಗೆ, ಅವರು ಧಾರವಾಡಕ್ಕೆ ಹೊರಡುವ ಮುಂಚೆ. ಅವರ ಹಳೇ ಖೋ ಖೋ ಹುಡುಗಿಯರು, ಈಗ ಮೊಮ್ಮಕ್ಕಳು ಕಂಡವರು, ಸೇರಿ ಮಾಡಿದ್ದು. ಮೇಡಂ ಒಂದೇ ಷರತ್ತು ಹಾಕಿದರು. ಭಾನುವಾರದ ಗುಂಪಿನಿಂದ ನಾಗೇಂದ್ರ ಎರಡು ಮಾತಾಡಬೇಕು. ಅವನು ಬೆವೆತುಹೋದ. ಶಫಿ ತಾನು ಮಾತಾಡುತ್ತೇನೆ ಅಂತ ಮುಂದೆ ಬಂದ. "ನಿನ್ನ ಮಾತು ಗೊತ್ತಿಲ್ವೇನೋ ನಂಗೆ," ಅಂತ ಮೇಡಂ ಅವನನ್ನು ಕೂರಿಸಿ, ನಾಗೇಂದ್ರನಿಗೆ, "ಬರ್ಬೇಕು ಅನ್ನಿಸಿದ್ರೆ ಬಾ. ಒತ್ತಾಯ ಇಲ್ಲ," ಅಂದರು.

ಅವನು ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಬಂದ. ಪರಿಚಯ ಓದಿದರು, ಗೆದ್ದ ಕಪ್ಪುಗಳ ಲೆಕ್ಕ ಹೇಳಿದರು, ಕಥೆಯಾಟದ ಸುದ್ದಿ ಒಂದು ಸಾಲೂ ಬರಲಿಲ್ಲ. ನಾಗೇಂದ್ರನ ಹೆಸರು ಕರೆದರು. ಮೈಕಿನ ಮುಂದೆ ನಿಂತು, "ಮೇಡಂ... ನನಗೆ..." ಅಂದ. ತಡೆಯಿತು. ಹಾಲ್ ತುಂಬ ಜನ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಪದ್ಮ ನನ್ನ ಮೊಣಕೈ ಹಿಡಿದು ಹಿಂಡುತ್ತಿದ್ದಳು. ನಿರೂಪಣೆ ಮಾಡುತ್ತಿದ್ದವರು ಸಜ್ಜನರೇ, ಅವರಿಗೆ ಪಾಪ ಅನ್ನಿಸಿತು. ಇನ್ನೊಂದು ಮೈಕು ಎತ್ತಿಕೊಂಡು, "ಗುರುಗಳಾಗಿದ್ದರು, ದಾರಿದೀಪವಾಗಿದ್ದರು ಎಂದು ಹೇಳುತ್ತಿದ್ದಾರೆ. ಭಾವುಕರಾಗಿದ್ದಾರೆ! ಎಲ್ಲರೂ ಒಮ್ಮೆ ಜೋರಾದ ಚಪ್ಪಾಳೆ..." ಅಂದರು. ಚಪ್ಪಾಳೆ ಶುರುವಾಗಿಯೂ ಬಿಟ್ಟಿತು. ನಾಗೇಂದ್ರ ತಲೆ ತಗ್ಗಿಸಿ, ಹಳೆಯ ಹಾಗೆ, ಹೂಂ ಅಂತ ತಲೆಯಾಡಿಸಲು ಹೊರಟ.

ಆಗ ಊದಿದರು ಮೇಡಂ.

ಚಪ್ಪಾಳೆ ಅರ್ಧಕ್ಕೇ ಸತ್ತುಹೋಯಿತು. ಸಭೆಯಲ್ಲಿದ್ದ ಹಳೇ ಖೋ ಖೋ ಹೆಂಗಸರೆಲ್ಲ ರೇಷ್ಮೆ ಸೀರೆಯಲ್ಲೇ ಬೆನ್ನು ನೆಟ್ಟಗೆ ಮಾಡಿ ಕೂತರು. ಹಣ್ಣಿನ ಬುಟ್ಟಿ ಪಕ್ಕಕ್ಕಿಟ್ಟು, ಕೈ ಎತ್ತಿ, ಮೇಡಂ ಮೈಕಿಲ್ಲದೆ ಎಲ್ಲರಿಗೂ ಕೇಳುವಂತೆ ಹೇಳಿದರು. "ಫೌಲ್. ಅವನ ಮಾತಿನ್ನೂ ಮುಗಿದಿಲ್ಲ."

ಪೇಟ ಒಂದು ಕಡೆಗೆ ವಾಲಿತ್ತು. ಅದನ್ನು ಸರಿಮಾಡಿಕೊಳ್ಳದೆ ಒಂದು ಕಾಲು ಮಡಿಸಿ, ನಮ್ಮ ಮನೆಯಲ್ಲಿ ಕೂರುತ್ತಿದ್ದ ಹಾಗೇ ಕೂತರು, ನಾಗೇಂದ್ರನನ್ನು ನೋಡುತ್ತಾ. ಹಾಲಿನಲ್ಲಿ ಅಷ್ಟು ಜನ ಕಾದರು. ಬೇರೆ ದಾರಿ ಇರಲಿಲ್ಲ, ರೆಫರಿ ನೋಡುತ್ತಿದ್ದರು.

"ಮೇಡಂ ನನಗೆ," ಅಂದ ನಾಗೇಂದ್ರ, "ಯಾವತ್ತೂ... ರಿ... ರಿಯಾಯಿತಿ ಕೊಡ್ಲಿಲ್ಲ." ಉಸಿರು ತೆಗೆದುಕೊಂಡ. "ಟೈ... ಟೈಮ್ ಕೊಟ್ರು."

ಹೇಳಿ ಮೈಕು ಬಿಟ್ಟು ಇಳಿದು ಬಂದು ನಮ್ಮ ಪಕ್ಕ ಕೂತ. ಮೇಡಂ ಸೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನಿರೂಪಕರ ಕಡೆ ತಿರುಗಿ, "ಹೂಂ, ಈಗ ತಟ್ಟಿಸಪ್ಪ ಚಪ್ಪಾಳೆ," ಅಂದರು.